ನೀರು ಎಲ್ಲಿಂದ ಬರುತ್ತಿದೆ? ಸಫೋಕ್ ಕೌಂಟಿಯ ಒಂದು ಹಳೆಯ ರಂಗಮಂದಿರದ ಪ್ರಕರಣ

ಇದು ಇಂಗ್ಲೆಂಡಿನ ಪೂರ್ವ ಅಂಚಿನಲ್ಲಿರುವ ಸಫೋಕ್ ಕೌಂಟಿಯ ಒಂದು ಸಂತೆಪೇಟೆಯಲ್ಲಿ ನಡೆದದ್ದು. ಪೇಟೆಯ ಹೆಸರು ಹೇಳುವುದಿಲ್ಲ. ಜನರ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಕಟ್ಟಡಕ್ಕೆ ಏನಾಯಿತು, ನಾವು ಏನು ಮಾಡಿದೆವು ಅನ್ನುವುದನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ.

ನನ್ನ ಊರು ತೀರ್ಥಹಳ್ಳಿ ಕಡೆ. ಲೆಕ್ಕಪತ್ರ ನೋಡುವ ಕೆಲಸದ ಮೇಲೆ ಇಲ್ಲಿಗೆ ಬಂದವನು. ಸಂಜೆ ಹೊತ್ತು ಸುಮ್ನೆ ಕೂರುವುದು ಯಾಕೆ ಅಂತ, ಪೇಟೆಯ ಹಳೇ ಹಾಲ್ ಉಳಿಸಲು ಹೊರಟ ಒಂದು ಟ್ರಸ್ಟ್‌ಗೆ ಸೇರಿಕೊಂಡೆ. ಲೆಕ್ಕ ಬರುತ್ತದೆ ಅಂತ ನನ್ನನ್ನೇ ಖಜಾಂಚಿ ಮಾಡಿದರು. ಈ ಪ್ರಕರಣದ ಮೊದಲ ದೊಡ್ಡ ತಪ್ಪಿನ ಚೆಕ್ಕಿಗೆ ಸಹಿ ಹಾಕಿದ ಇಬ್ಬರಲ್ಲಿ ನಾನೂ ಒಬ್ಬ.

ಕಟ್ಟಡ ಮತ್ತು ಅದರ ಪದರಗಳು

ಹಾಲ್ ಕಟ್ಟಿದ್ದು 19ನೇ ಶತಮಾನದ ನಡುವಿನಲ್ಲಿ, ಕಾರ್ನ್ ಎಕ್ಸ್‌ಚೇಂಜ್ ಆಗಿ. ಇಲ್ಲಿ ಕಾರ್ನ್ ಅಂದರೆ ಮೆಕ್ಕೆಜೋಳ ಅಲ್ಲ. ಗೋಧಿ, ಬಾರ್ಲಿ, ಓಟ್ಸ್ ಎಲ್ಲ ಸೇರಿ ಕಾರ್ನ್. ಹೊರಗಿನಿಂದ ಬರುವ ಧಾನ್ಯದ ಮೇಲೆ ಸುಂಕ ಹೇರುತ್ತಿದ್ದ ಕಾಯ್ದೆ 1846ರಲ್ಲಿ ರದ್ದಾಯಿತು. ಅದರ ಹಿಂದೆಮುಂದೆ ಪೂರ್ವ ಇಂಗ್ಲೆಂಡಿನ ಎಷ್ಟೋ ಪೇಟೆಗಳಲ್ಲಿ ಇಂಥ ಹಾಲ್‌ಗಳು ಎದ್ದವು. ರೈತ ಒಂದು ಪುಟ್ಟ ಚೀಲದಲ್ಲಿ ಮಾದರಿ ತರುತ್ತಿದ್ದ. ವ್ಯಾಪಾರಿ ಅದನ್ನು ಅಂಗೈಗೆ ಸುರಿದುಕೊಂಡು, ಬೆರಳಲ್ಲಿ ಉಜ್ಜಿ, ಹೊಟ್ಟು ಊದಿ, ಕಾಳಿನ ಬಣ್ಣ ನೋಡಿ ದರ ಹೇಳುತ್ತಿದ್ದ. ಬಣ್ಣ ನೋಡಲು ಹಗಲಿನ ಒಳ್ಳೆ ಬೆಳಕು ಬೇಕು. ಅದಕ್ಕೇ ಈ ಹಾಲ್‌ಗಳಿಗೆ ಗಾಜಿನ ಮಾಡು. ನಮ್ಮದಕ್ಕೂ ಇತ್ತು.

1870ರ ದಶಕದಿಂದ ಅಮೆರಿಕದ ಅಗ್ಗದ ಗೋಧಿ ಬಂದು ಸುರಿಯತೊಡಗಿತು. ಇಲ್ಲಿನ ಧಾನ್ಯ ವ್ಯಾಪಾರ ಕುಗ್ಗಿತು. ಖಾಲಿ ಬಿದ್ದ ಹಾಲ್‌ನಲ್ಲಿ ಭಾಷಣ, ಸಂಗೀತ, ನಾಟಕ ಶುರುವಾದವು. ಒಂದು ತುದಿಯಲ್ಲಿ ಮರದ ರಂಗ ಎದ್ದಿತು. 1920ರ ದಶಕದಲ್ಲಿ ಅದು ಸಿನಿಮಾ ಮಂದಿರವಾಯಿತು. ಸಿನಿಮಾಗೆ ಕತ್ತಲೆ ಬೇಕಲ್ವಾ? ಗಾಜಿನ ಮಾಡಿನ ಕೆಳಗೆ ಹೂಬಳ್ಳಿ ಕೆತ್ತನೆಯ ಪ್ಲಾಸ್ಟರ್ ಸೀಲಿಂಗ್ ಒಂದನ್ನು ತೂಗುಹಾಕಿದರು. ರಸ್ತೆ ಕಡೆಗೆ ಹೊಸ ಮುಖ ಕಟ್ಟಿದರು. 1960ರ ಕಾಯ್ದೆ ಜೂಜಿನ ಆಟಗಳನ್ನು ಸಡಿಲ ಮಾಡಿದ ಮೇಲೆ ದೇಶದ ಎಷ್ಟೋ ಸಿನಿಮಾ ಮಂದಿರಗಳು ಬಿಂಗೋ ಹಾಲ್ ಆದವು. ನಮ್ಮದೂ ಆಯಿತು. ಕೊನೆಗೆ ಬಿಂಗೋದವರೂ ಬೀಗ ಹಾಕಿ ಹೋದರು.

ಈ ಕೌಂಟಿಯಲ್ಲಿ ಇಂಥ ಕಥೆ ಹೊಸದಲ್ಲ. ಬೆರಿ ಸೇಂಟ್ ಎಡ್ಮಂಡ್ಸ್‌ನ ಥಿಯೇಟರ್ ರಾಯಲ್ 1819ರದ್ದು. ಮುಂದೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ನಕ್ಷೆ ಬರೆದ ವಿಲಿಯಂ ವಿಲ್ಕಿನ್ಸ್ ಕಟ್ಟಿಸಿದ್ದು. 1925ರಲ್ಲಿ ಅದೂ ಮುಚ್ಚಿತು. ಪಕ್ಕದ ಬಿಯರ್ ಕಾರ್ಖಾನೆಯ ಪೀಪಾಯಿಗಳನ್ನು 40 ವರ್ಷ ಅದರೊಳಗೆ ಪೇರಿಸಿಟ್ಟಿದ್ದರು. 1965ರಲ್ಲಿ ಊರವರು ಸೇರಿ ಮತ್ತೆ ತೆರೆದರು. ಬಂಗಿ ಎಂಬ ಪುಟ್ಟ ಪೇಟೆಯಲ್ಲಿ ಡೇವಿಡ್ ಫಿಶರ್ ಎಂಬ ನಾಟಕ ಕಂಪನಿ ಮಾಲೀಕ 1828ರಲ್ಲಿ ತೆರೆದ ರಂಗಮಂದಿರ ಇದೆ. ಅವನ ಕಂಪನಿ ನಾರ್ಫೋಕ್, ಸಫೋಕ್ ಪೇಟೆಗಳನ್ನು ಸರದಿ ಪ್ರಕಾರ ಸುತ್ತುತ್ತಿತ್ತು. ನಮ್ಮ ಕಂಪನಿ ನಾಟಕದವರ ಕ್ಯಾಂಪ್ ಇದ್ದ ಹಾಗೆ. ಆದರೆ ಫಿಶರ್ ಟೆಂಟ್ ಹಾಕಲಿಲ್ಲ, ಊರೂರಲ್ಲಿ ತನ್ನದೇ ಮಂದಿರ ಕಟ್ಟಿಸಿದ. ಬಂಗಿಯದ್ದು ಹಲವು ಕೈ, ಹಲವು ಕೆಲಸ ಬದಲಾಗಿ 2006ರಲ್ಲಿ ಮತ್ತೆ ರಂಗಮಂದಿರವಾಯಿತು. ಈ ಎರಡನ್ನೂ ನೋಡಿ ಬಂದಿದ್ದೆವು. ನಮ್ಮಿಂದಲೂ ಆಗುತ್ತದೆ ಅನ್ನುವ ಧೈರ್ಯ ಅಲ್ಲಿಂದಲೇ ಬಂದದ್ದು.

ನಮ್ಮ ಹಾಲ್ ಉಳಿಸಬೇಕಾದ ಹಳೇ ಕಟ್ಟಡಗಳ ಸರ್ಕಾರಿ ಪಟ್ಟಿಯಲ್ಲಿ, ಗ್ರೇಡ್ 2ರಲ್ಲಿದೆ. ಇಂಗ್ಲೆಂಡಿನಲ್ಲಿ ಇಂಥ ಪಟ್ಟಿಯಲ್ಲಿ ಸುಮಾರು 4 ಲಕ್ಷ ನಮೂದುಗಳಿವೆ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಗ್ರೇಡ್ 2. ಇದು ಕೆಳಗಿನ ದರ್ಜೆ, ಒಳಗೆ ಏನು ಬೇಕಾದರೂ ಮಾಡಬಹುದು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಒಳಗಿನ ಗೋಡೆ, ಗಾರೆ, ಮೆಟ್ಟಿಲು ಎಲ್ಲವೂ ಪಟ್ಟಿಯ ರಕ್ಷಣೆಗೆ ಸೇರುತ್ತವೆ. ಕಟ್ಟಡದ ಸ್ವರೂಪ ಬದಲಿಸುವ ಕೆಲಸಕ್ಕೆ ಕೌನ್ಸಿಲ್‌ನ, ಅಂದರೆ ಸ್ಥಳೀಯ ಆಡಳಿತದ, ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ಮಾಡಿದರೆ 1990ರ ಕಾಯ್ದೆಯ ಪ್ರಕಾರ ಅದು ಅಪರಾಧ. ದಂಡ ಕಟ್ಟಿ ಮುಗಿಸುವ ಸಣ್ಣ ತಪ್ಪಲ್ಲ, ಕ್ರಿಮಿನಲ್ ಕೇಸು.

ಕಟ್ಟಡ ಕೌನ್ಸಿಲ್‌ನದ್ದು. ಮಾರಲು ಹೊರಟಾಗ ಊರವರು 2011ರ ಸ್ಥಳೀಯ ಆಡಳಿತ ಕಾಯ್ದೆಯ ಕೆಳಗೆ ಅದನ್ನು ಸಮುದಾಯದ ಆಸ್ತಿ ಎಂದು ನೋಂದಾಯಿಸಿದರು. ಹಾಗೆ ನೋಂದಾಯಿಸಿದ ಆಸ್ತಿಯನ್ನು ನಾವೂ ಕೇಳುತ್ತೇವೆ ಅಂತ ಊರವರು ತಿಳಿಸಿದರೆ ಆಗ ಮಾರಾಟ ಆರು ತಿಂಗಳು ನಿಲ್ಲುತ್ತಿತ್ತು. ಅಷ್ಟರಲ್ಲಿ ಊರವರು ದುಡ್ಡು ಹೊಂದಿಸಿ ಕೇಳಬಹುದಿತ್ತು. ಅದು ಕೇಳುವ ಹಕ್ಕಾಗಿತ್ತು, ಕೊಳ್ಳುವ ಹಕ್ಕಾಗಿರಲಿಲ್ಲ. ನಮ್ಮ ಅದೃಷ್ಟ, ಕೌನ್ಸಿಲ್ ಮಾರುವ ಬದಲು ದೀರ್ಘ ಗುತ್ತಿಗೆಗೆ ಕೊಟ್ಟಿತು. ಬಾಡಿಗೆ ನಾಮಕಾವಾಸ್ತೆ. ಆದರೆ ರಿಪೇರಿ ಪೂರ್ತಿ ನಮ್ಮದು. ಆ ಒಂದು ಸಾಲನ್ನು ನಾವು ಓದಿದೆವು, ತೂಕ ಹಾಕಲಿಲ್ಲ. ಹಳೇ ಕಟ್ಟಡ ಬಲ್ಲ ಒಬ್ಬರಿಂದ ತಪಾಸಣೆ ಮಾಡಿಸದೆ ಸಹಿ ಹಾಕಿದೆವು. ಆರು ತಿಂಗಳ ಗಡುವು ಮುಗಿಯುತ್ತಿತ್ತು, ಎಲ್ಲರಿಗೂ ಖುಷಿ, ಆತುರ.

ಒದ್ದೆ ಗೋಡೆ

ರಂಗದ ಎಡಗಡೆಯ ಗೋಡೆ ಒದ್ದೆ. ನೆಲದಿಂದ ಎದೆಯೆತ್ತರದವರೆಗೆ ಗಾರೆ ಉಬ್ಬಿ, ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಕೈಯಿಟ್ಟರೆ ತಣ್ಣಗೆ. ಬೆರಳಿಗೆ ಬಿಳಿ ಉಪ್ಪು ಹತ್ತುತ್ತಿತ್ತು. ಬೂಷ್ಟಿನ ವಾಸನೆ ಸಭಾಂಗಣದ ಕೊನೆ ಸಾಲಿಗೂ ಬರುತ್ತಿತ್ತು. ರಂಗದ ಹಲಗೆಯ ಒಂದು ಮೂಲೆ ಕಾಲಿಟ್ಟರೆ ಮೆತ್ತಗೆ ತಗ್ಗುತ್ತಿತ್ತು.

ಒಂದು ಕಂಪನಿಯವರನ್ನು ಕರೆಸಿದೆವು. ಬಂದವರು ಎರಡು ಮುಳ್ಳಿನ ಒಂದು ಮೀಟರ್ ತೆಗೆದು ಗೋಡೆಗೆ ಚುಚ್ಚಿದರು. ಅದು ಕೀಂ ಅಂತ ಕೂಗಿತು. ನೆಲದಿಂದ ತೇವ ಮೇಲೇರುತ್ತಿದೆ, ಗೋಡೆಯ ಬುಡಕ್ಕೆ ರಾಸಾಯನಿಕ ತುಂಬಿ, ಒಂದು ಮೀಟರ್ ಎತ್ತರಕ್ಕೆ ಸಿಮೆಂಟ್ ಹೊಡೆಯಬೇಕು ಅಂದರು. ಜೊತೆಗೆ ಗ್ಯಾರಂಟಿ ಪತ್ರ. ಸಾಲ ಕೊಡುವವರಿಗೂ ಅನುದಾನ ಕೊಡುವವರಿಗೂ ಗ್ಯಾರಂಟಿ ಪತ್ರ ತೋರಿಸಿದರೆ ಚೆನ್ನಾಗಿರುತ್ತದೆ ಅನ್ನಿಸಿತು. ಮೂರು ವಾರದಲ್ಲಿ ಕೆಲಸ ಮುಗಿಯಿತು. ನಮ್ಮ ಉಳಿತಾಯದ ಮೂರರಲ್ಲಿ ಒಂದು ಭಾಗ ಹೋಯಿತು.

ಆ ಮೀಟರ್ ಏನು ಅಳೆಯುತ್ತದೆ ಅಂತ ನನಗೆ ಗೊತ್ತಾದದ್ದು ಒಂದು ವರ್ಷದ ಮೇಲೆ. ಎರಡು ಮುಳ್ಳುಗಳ ನಡುವೆ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಅನ್ನುವುದನ್ನು ಅದು ಅಳೆಯುತ್ತದೆ. ಅದರ ಅಂಕೆಗಳು ಮರಕ್ಕೆ ಹೊಂದಿಸಿದವು. ಗೋಡೆಯಲ್ಲಿ ಉಪ್ಪಿದ್ದರೆ, ನೀರು ಕಡಿಮೆ ಇದ್ದರೂ ಮೀಟರ್ ಕೂಗುತ್ತದೆ. ನೀರಿದೆಯೋ ಇಲ್ಲವೋ ಅನ್ನುವುದೇ ಅದಕ್ಕೆ ಸರಿಯಾಗಿ ತಿಳಿಯದು. ಇನ್ನು ಅದು ಎಲ್ಲಿಂದ ಬಂತು ಅಂತ ಹೇಗೆ ಹೇಳೀತು?

ಮುಂದಿನ ಚಳಿಗಾಲಕ್ಕೆ ಸಿಮೆಂಟ್ ಹೊಡೆದ ಭಾಗ ಒಣಗಿದ ಹಾಗೆ ಕಂಡಿತು. ಅದರ ಮೇಲೆ, ನನ್ನ ತಲೆಯೆತ್ತರದಲ್ಲಿ, ಹೊಸದಾಗಿ ಒದ್ದೆ ಪಟ್ಟಿ ಎದ್ದಿತ್ತು. ಹಳೇ ಇಟ್ಟಿಗೆ ಗೋಡೆ ಸುಣ್ಣದ ಗಾರೆಯದ್ದು. ಮಳೆ ಬಂದಾಗ ಸ್ವಲ್ಪ ನೀರು ಕುಡಿಯುತ್ತದೆ, ಬಿಸಿಲು ಗಾಳಿಗೆ ಬಿಟ್ಟುಕೊಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚಿತು. ಒಳಗಿನ ನೀರು ಹೊರಬರಲು ಜಾಗ ಹುಡುಕುತ್ತಾ ಮೇಲೇರಿತ್ತು.

ಅದೇ ಹೊತ್ತಿಗೆ ಕೌನ್ಸಿಲ್‌ನ ಸಂರಕ್ಷಣಾ ಅಧಿಕಾರಿ ಬೇರೆ ಕೆಲಸಕ್ಕೆ ಬಂದವರು ಗೋಡೆ ನೋಡಿದರು. ಒಪ್ಪಿಗೆ ಪತ್ರ ಎಲ್ಲಿ ಅಂತ ಕೇಳಿದರು. ಇರಲಿಲ್ಲ. ರಿಪೇರಿ ತಾನೇ ಅಂದುಕೊಂಡಿದ್ದೆವು. ಆ ಸಂಜೆ ನನಗೆ ಊಟ ಸೇರಲಿಲ್ಲ. ಅವರು ಕೇಸು ಹಾಕಲಿಲ್ಲ. ಆದರೆ ಎರಡು ಮಾತು ಹೇಳಿದರು. ಒಂದು, ಈ ಸಿಮೆಂಟ್ ತೆಗೆಯಲು ಅರ್ಜಿ ಕೊಡಿ. ಎರಡು, ಇನ್ನು ಮುಂದೆ ಏನು ಮಾಡುವ ಮುಂಚೆಯೂ ನನಗೆ ಒಂದು ಫೋನ್ ಮಾಡಿ. ಅಲ್ಲಿಯವರೆಗೆ ಅವರನ್ನು ನಾವು ಪೊಲೀಸರ ಹಾಗೆ ನೋಡುತ್ತಿದ್ದೆವು. ಅವರಷ್ಟು ನೆರವಾದವರು ಬೇರೆ ಯಾರೂ ಇಲ್ಲ.

ಮಳೆಯಲ್ಲಿ ನಿಂತು ನೋಡಿದ್ದು

ಅವರ ಸಲಹೆಯ ಮೇಲೆ ಹಳೇ ಕಟ್ಟಡಗಳಲ್ಲಿ ಪಳಗಿದ ಒಬ್ಬ ವಾಸ್ತುಶಿಲ್ಪಿಯನ್ನು ಕರೆಸಿದೆವು. ಮೀಟರ್ ತರುತ್ತಾರೆ, ನಕ್ಷೆ ತರುತ್ತಾರೆ ಅಂದುಕೊಂಡಿದ್ದೆ. ಏನೂ ತರಲಿಲ್ಲ. ಒಂದು ತಿಂಗಳು ಏನೂ ಮಾಡಬೇಡಿ, ಜೋರು ಮಳೆ ಬಂದಾಗ ಯಾರಾದರೂ ಹೊರಗೆ ನಿಂತು ಸುಮ್ನೆ ನೋಡಿ, ಕಂಡದ್ದನ್ನು ಬರೆದಿಡಿ ಅಂದರು. ಇದಕ್ಕೂ ಶುಲ್ಕವೇ ಅಂತ ಒಬ್ಬ ಟ್ರಸ್ಟಿ ಗೊಣಗಿದರು. ನನ್ನ ಮಟ್ಟಿಗೆ ಇಡೀ ಪ್ರಕರಣ ತಿರುಗಿದ್ದು ಅಲ್ಲಿ.

ಪೂರ್ವ ಇಂಗ್ಲೆಂಡ್ ಈ ದೇಶದಲ್ಲೇ ಒಣ ಪ್ರದೇಶ. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳು ಅದರ ಎಷ್ಟೋ ಪಟ್ಟು ಸುರಿಯುತ್ತದೆ. ಆದರೂ ನಮ್ಮ ಅಜ್ಜನ ಮನೆಯ ಮಣ್ಣಿನ ಗೋಡೆ ಹೀಗೆ ನೆಂದದ್ದು ನಾನು ಕಂಡಿಲ್ಲ. ಯಾಕೆ ಅಂದರೆ ಮಳೆಗಾಲಕ್ಕೆ ಮುಂಚೆ ಸೂರಿನ ಅಡಿಕೆ ದಂಬೆ ಸರಿಮಾಡುವುದು ಅಲ್ಲಿ ಮನೆಯ ಮೊದಲ ಕೆಲಸ. ಎಷ್ಟು ಮಳೆ ಬಿತ್ತು ಅನ್ನುವುದಕ್ಕಿಂತ ಬಿದ್ದ ನೀರು ಎಲ್ಲಿ ಹೋಯಿತು ಅನ್ನುವುದು ಮುಖ್ಯ. ಗೊತ್ತಿದ್ದ ವಿಷಯ. ಇಂಗ್ಲೆಂಡಿಗೆ ಬಂದು ಮರೆತಿದ್ದೆ.

ನವೆಂಬರ್‌ನ ಒಂದು ರಾತ್ರಿ ಮಳೆ ಹಿಡಿಯಿತು. ನಾವು ಮೂವರು ರೇನ್‌ಕೋಟ್ ಹಾಕಿಕೊಂಡು ಪಕ್ಕದ ಓಣಿಯಲ್ಲಿ ನಿಂತೆವು. ಮೊದಲ ಕಾಲು ಗಂಟೆ ಏನೂ ಕಾಣಲಿಲ್ಲ. ಮಾಡಿನ ನೀರು ಇಳಿಸುವ ಎರಕದ ಕಬ್ಬಿಣದ ಕೊಳವೆ ಗೋಡೆಗೆ ಅಂಟಿಕೊಂಡ ಹಾಗೆ ಇತ್ತು. ಮುಂಭಾಗ ಕಪ್ಪು ಬಣ್ಣ ಬಳಿದು ಚೆನ್ನಾಗಿಯೇ ಇತ್ತು. ನಮ್ಮ ಜೊತೆಗಿದ್ದ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಚೀಲದಿಂದ ಮೇಕಪ್ಪಿನ ಪುಟ್ಟ ಕನ್ನಡಿ ತೆಗೆದು ಕೊಳವೆಯ ಹಿಂದಕ್ಕೆ ಹಿಡಿದರು. ನಾನು ಟಾರ್ಚ್ ಬಿಟ್ಟೆ. ಕನ್ನಡಿಯಲ್ಲಿ ಕಂಡಿತು: ಕೊಳವೆಯ ಬೆನ್ನು ಉದ್ದಕ್ಕೂ ಸೀಳಿದೆ. ತುಕ್ಕು ಹಿಡಿದ ಆ ಬಿರುಕಿನಿಂದ ನೀರು ಹಾಳೆಯ ಹಾಗೆ ಹರಡಿಕೊಂಡು ಇಟ್ಟಿಗೆಗೆ ಇಳಿಯುತ್ತಿದೆ. ಬಣ್ಣದ ಬ್ರಷ್ಷು ಹೋಗದ ಜಾಗ ಅದು. ಅಲ್ಲಿ ಎಷ್ಟು ದಶಕದಿಂದ ಬಣ್ಣ ಬಿದ್ದಿರಲಿಲ್ಲವೋ.

ಮರುದಿನ ಏಣಿ ಹಾಕಿದೆವು. ಸಿನಿಮಾ ಕಾಲದ ಮುಖದ ಹಿಂದೆ ಅಡಗಿದ ಸೀಸದ ಹಾಳೆಯ ಕಾಲುವೆಯೊಂದಿತ್ತು. ಕೆಳಗಿನಿಂದ ನೋಡಿದರೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಅದರೊಳಗೆ ಪಾರಿವಾಳದ ಗೂಡು, ಅದರಲ್ಲಿ ಬೇರು ಬಿಟ್ಟ ಒಂದು ಗಿಡ. ನೀರು ಕೊಳವೆಗೆ ಹೋಗದೆ ಒಳಗೋಡೆಯ ಕಡೆಗೆ ತುಳುಕುತ್ತಿತ್ತು. ಇನ್ನೊಂದು, ಓಣಿಗೆ ಮತ್ತೆ ಮತ್ತೆ ಡಾಂಬರು ಹಾಕಿ ಹಾಕಿ ಹೊರಗಿನ ನೆಲ ಒಳಗಿನ ನೆಲಕ್ಕಿಂತ ಒಂದು ಗೇಣು ಮೇಲೆ ಬಂದಿತ್ತು. ರಂಗದ ಕೆಳಗೆ ಗಾಳಿಯಾಡಲು ಬಿಟ್ಟಿದ್ದ ಇಟ್ಟಿಗೆಯ ಕಿಂಡಿಗಳು ಡಾಂಬರಿನಡಿ ಹೂತುಹೋಗಿದ್ದವು. ಹಲಗೆ ಮೆತ್ತಗಾದದ್ದು ಅದಕ್ಕೇ.

ಕೊಳವೆ, ಕಾಲುವೆ, ಕಿಂಡಿ. ಈ ಮೂರಕ್ಕೆ ತಗುಲಿದ ಖರ್ಚು ಸಿಮೆಂಟಿಗೆ ಕೊಟ್ಟದ್ದಕ್ಕಿಂತ ಕಡಿಮೆ.

ಕಾಯುವ ನಿರ್ಧಾರ

ಸಿಮೆಂಟ್ ಕೀಳಿಸಿದೆವು. ಓಣಿಯ ಅಂಚಿನಲ್ಲಿ ನೆಲ ಇಳಿಸಿ ಜಲ್ಲಿ ತುಂಬಿಸಿದೆವು. ಆಮೇಲೆ? ಕಾಯಬೇಕು ಅಂದರು ವಾಸ್ತುಶಿಲ್ಪಿ. ನೆಂದ ಇಟ್ಟಿಗೆ ಗೋಡೆ ತಿಂಗಳಿಗೆ ಸುಮಾರು 25 ಮಿಲಿಮೀಟರ್ ದಪ್ಪದಷ್ಟು ಒಣಗುತ್ತದೆ ಅನ್ನುವುದು ಇಲ್ಲಿನ ಕಸುಬುದಾರರ ಅಂದಾಜು. ನಮ್ಮ ಗೋಡೆ 450 ಮಿಲಿಮೀಟರ್. ಅಂದರೆ ಒಂದೂವರೆ ವರ್ಷ. ನಾವೋ ಮುಂದಿನ ವಸಂತಕ್ಕೆ ಉದ್ಘಾಟನೆ ಅಂತ ಪೋಸ್ಟರ್ ಅಚ್ಚು ಹಾಕಿಸಿದ್ದೆವು.

ಅದರ ಮೇಲೆ ಸೀಲಿಂಗ್‌ನ ಚಿಂತೆ. 2013ರ ಡಿಸೆಂಬರ್ 19ರಂದು ಲಂಡನ್ನಿನ ಅಪೊಲೋ ಥಿಯೇಟರಿನಲ್ಲಿ ಆಟ ನಡೆಯುತ್ತಿದ್ದಾಗಲೇ ಸೀಲಿಂಗ್‌ನ ಒಂದು ಭಾಗ ಪ್ರೇಕ್ಷಕರ ಮೇಲೆ ಕುಸಿಯಿತು. ಎಪ್ಪತ್ತಕ್ಕೂ ಹೆಚ್ಚು ಜನಕ್ಕೆ ಪೆಟ್ಟಾಯಿತು. ಯಾರೂ ಸಾಯಲಿಲ್ಲ ಅನ್ನುವುದೇ ದೊಡ್ಡದು. ಇಂಥ ಹಳೇ ಮಂದಿರಗಳ ಸೀಲಿಂಗ್ ಗೋಣಿಬಟ್ಟೆ, ಮರದ ಪಟ್ಟಿ, ಪ್ಲಾಸ್ಟರ್ ಸೇರಿಸಿ ಅಚ್ಚಿನಲ್ಲಿ ಎರಕ ಹೊಯ್ದದ್ದು. ಅದನ್ನು ಮೇಲಿನ ಮರಕ್ಕೆ ಕಟ್ಟಿ ತೂಗುಹಾಕಿರುವುದೂ ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿಯ ಕಟ್ಟುಗಳಿಂದಲೇ. ಕೆಳಗಿನಿಂದ ನೋಡಿದರೆ ಹೂಬಳ್ಳಿ, ಬಂಗಾರದ ಅಂಚು. ಮೇಲೆ ಹತ್ತಿ ನೋಡಿದರೆ ನೂರಾರು ಗೋಣಿ ಗಂಟುಗಳು. ಅಪೊಲೋದಲ್ಲಿ ಸೋತದ್ದು ಆ ಹಳೇ ಗೋಣಿ. ಅಂದಿನಿಂದ ಇಂಥ ಸೀಲಿಂಗ್‌ಗಳನ್ನು ಬಲ್ಲವರಿಂದ ಮೇಲೆ ಹತ್ತಿಸಿ ನೋಡಿಸಿ, ದಾಖಲೆ ಇಡಬೇಕು ಅನ್ನುವುದು ರಂಗಮಂದಿರಗಳಲ್ಲಿ ಕಟ್ಟುನಿಟ್ಟಾಗಿದೆ.

ನಮ್ಮದನ್ನು ನೋಡಲು ಬಂದ ಪ್ಲಾಸ್ಟರ್ ಕಸುಬುದಾರರ ಜೊತೆ ನಾನೂ ಮಾಡಿನೊಳಗೆ ಹತ್ತಿದೆ. ಅವರು ಒಂದೊಂದು ಕಟ್ಟನ್ನೂ ಕೈಯಲ್ಲಿ ಹಿಡಿದು, ಜಗ್ಗಿ, ಚೀಟಿ ಅಂಟಿಸುತ್ತಾ ಹೋದರು. ಮುಕ್ಕಾಲು ಭಾಗ ಗಟ್ಟಿ. ಒದ್ದೆ ಗೋಡೆಯ ಮೂಲೆಗೆ ಬಂದಾಗ ಒಂದು ಕಟ್ಟು ನೆನೆದ ಹುಲ್ಲಿನ ಹಾಗೆ ಅವರ ಕೈಗೇ ಬಂತು. ಏನೂ ಮಾತಾಡದೆ ಅದನ್ನು ನನ್ನ ಅಂಗೈ ಮೇಲಿಟ್ಟರು. ಕೆಳಗೆ ನೇರವಾಗಿ ಮೊದಲ ಸಾಲಿನ ಕುರ್ಚಿಗಳಿದ್ದವು. ಕೊಳವೆಯ ಬಿರುಕು ಅಲ್ಲಿಯವರೆಗೆ ಬಂದಿತ್ತು.

ಅದೇ ದಿನ ಮಾಡಿನೊಳಗೆ ಸಣ್ಣ ಹಿಕ್ಕೆಗಳು ಸಿಕ್ಕವು. ಇಲಿಯದು ಅಂದುಕೊಂಡೆ. ಅವರು ಬೆರಳಲ್ಲಿ ಒತ್ತಿದರು, ಪುಡಿಯಾಯಿತು. ಒಳಗೆ ಹುಳುಗಳ ರೆಕ್ಕೆಯ ಹೊಳಪು. ಬಾವಲಿ! ಐದು ಗ್ರಾಂ ತೂಗುವ ಪುಟ್ಟ ಬಾವಲಿ. ಬ್ರಿಟನ್ನಿನಲ್ಲಿ ಎಲ್ಲ ಜಾತಿಯ ಬಾವಲಿಗಳಿಗೂ ಅವುಗಳ ಬಿಡಾರಕ್ಕೂ ಕಾನೂನಿನ ರಕ್ಷಣೆ ಇದೆ. ಆಗ ಅವು ಅಲ್ಲಿ ಇಲ್ಲದಿದ್ದರೂ ಬಿಡಾರ ಕೆಡಿಸುವ ಹಾಗಿಲ್ಲ. ಸಂಜೆ ಹೊತ್ತು ಎಷ್ಟು ಹೊರಬರುತ್ತವೆ, ಎಲ್ಲಿಂದ ಬರುತ್ತವೆ ಅಂತ ಎಣಿಸುವುದು ಬೇಸಿಗೆಯಲ್ಲಿ ಮಾತ್ರ. ಮೇ ತಿಂಗಳವರೆಗೆ ಮಾಡಿನ ಕೆಲಸ ನಿಂತಿತು.

ಆ ವಾರದ ಸಭೆ ನೆನೆಸಿಕೊಂಡರೆ ಈಗಲೂ ಸಂಕಟ. ಒಬ್ಬರು ಮೇಜು ಗುದ್ದಿದರು. ತಾರೀಖು ಹೇಳಿ ಜನರ ಹತ್ತಿರ ದುಡ್ಡು ಎತ್ತಿದ್ದೇವೆ, ಈಗ ಹಿಂದೆ ಸರಿದರೆ ನಮ್ಮನ್ನು ಯಾರು ನಂಬುತ್ತಾರೆ ಅಂದರು. ಅವರ ಮಾತಲ್ಲಿ ಸುಳ್ಳಿರಲಿಲ್ಲ. ಸೀಲಿಂಗ್ ಕೆಳಗೆ ಬಲೆ ಕಟ್ಟಿ, ಗೋಡೆಗೆ ಹಲಗೆ ಹೊಡೆದು ಮುಚ್ಚಿ, ಹೇಳಿದ ದಿನಕ್ಕೇ ತೆರೆಯೋಣ ಅನ್ನುವುದು ಅವರ ವಾದ. ನಾನು ಆ ಗೋಣಿ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದಿದ್ದೆ. ಮೇಜಿನ ಮೇಲಿಟ್ಟೆ. ಮತ ಹಾಕಿದಾಗ ಒಂದೇ ಒಂದು ಮತದಲ್ಲಿ ಕಾಯುವ ನಿರ್ಧಾರ ಗೆದ್ದಿತು.

ಪೂರ್ತಿ ಮುಚ್ಚಿಯೂ ಇಡಲಿಲ್ಲ. ಈ ಯೋಚನೆ ಕೊಟ್ಟದ್ದು ಆ ಕನ್ನಡಿಯ ಶಿಕ್ಷಕಿಯೇ. ಹಾಲ್‌ನ ಮುಂದೆ ಒಂದು ಕೋಣೆ ಇದೆ. ಧಾನ್ಯದ ವ್ಯಾಪಾರಿಗಳು ಕೂತು ಪತ್ರಿಕೆ ಓದುತ್ತಿದ್ದ ಕೋಣೆ. ಒಣಗಿದೆ, ಗಟ್ಟಿಯಿದೆ, ಬೇರೆ ಬಾಗಿಲಿದೆ. ಅಲ್ಲಿ ಐವತ್ತು ಕುರ್ಚಿ ಹಾಕಿ ಶುರುಮಾಡಿದೆವು. ಒಬ್ಬರೇ ನಟ ಆಡುವ ನಾಟಕ, ಹಾಡು, ಕಥೆ ಹೇಳುವುದು, ಮಕ್ಕಳ ಗೊಂಬೆಯಾಟ. ವಿರಾಮದಲ್ಲಿ ಜನರನ್ನು ಹತ್ತತ್ತು ಮಂದಿಯಂತೆ ಕರೆದುಕೊಂಡು ಹೋಗಿ ಬೆತ್ತಲೆ ಗೋಡೆ ತೋರಿಸುತ್ತಿದ್ದೆವು. ಪಕ್ಕದಲ್ಲಿ ಒಂದು ಕಪ್ಪುಹಲಗೆ. ಡ್ರಿಲ್ ಮಾಡಿ ತೆಗೆದ ಪುಡಿಯನ್ನು ತೂಗಿ, ಒಣಗಿಸಿ, ಮತ್ತೆ ತೂಗಿ ಬಂದ ತೇವದ ಲೆಕ್ಕವನ್ನು ಪ್ರತಿ ತಿಂಗಳು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆವು. ಜನ ಅದನ್ನು ಕ್ರಿಕೆಟ್ ಸ್ಕೋರ್ ನೋಡುವ ಹಾಗೆ ನೋಡತೊಡಗಿದರು. ಅಂಗಡಿಯಲ್ಲಿ ಸಿಕ್ಕಿದವರು ಗೋಡೆ ಹೇಗಿದೆ ಅಂತ ಕೇಳುತ್ತಿದ್ದರು. ಪೋಸ್ಟರ್ ನೋಡಿ ಕೊಟ್ಟವರಿಗಿಂತ ಗೋಡೆ ನೋಡಿ ಕೊಟ್ಟವರು ಜಾಸ್ತಿ. ಇದನ್ನು ಖಜಾಂಚಿಯಾಗಿ ಲೆಕ್ಕ ನೋಡಿಯೇ ಹೇಳುತ್ತಿದ್ದೇನೆ.

ಬಾವಲಿಗೋಸ್ಕರ ಕಾದ ತಿಂಗಳುಗಳೇ ಗೋಡೆ ಒಣಗಿದ ತಿಂಗಳುಗಳೂ ಆದವು.

ಬೆಳಕೋ ಕತ್ತಲೆಯೋ

ಕಾಯುವ ಹೊತ್ತಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಹೇಗೂ ಸೀಲಿಂಗ್ ದುರ್ಬಲ. ಅದನ್ನು ತೆಗೆದೇ ಬಿಟ್ಟರೆ? ಮೇಲೆ ಆ ಸುಂದರ ಗಾಜಿನ ಮಾಡು, ಬಾಗಿದ ಮರದ ಕಮಾನುಗಳು. ಒಬ್ಬ ವಿನ್ಯಾಸಕಾರರು ಚಿತ್ರ ಬರೆದು ತೋರಿಸಿದರು. ಬೆಳಕು ಸುರಿಯುವ ಹಾಲ್. ನಿಜಕ್ಕೂ ಮನಸ್ಸು ಸೆಳೆಯುವ ಚಿತ್ರ. ಅನುದಾನದ ಅರ್ಜಿಯ ಮುಖಪುಟಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ನಾನೂ ಮರುಳಾದೆ.

ವಿರೋಧ ಬಂದದ್ದು ಎರಡು ಕಡೆಯಿಂದ. ಒಂದು ಊರಿನ ಹಿರಿಯರಿಂದ. ಗಾಜಿನ ಮಾಡನ್ನು ಕಣ್ಣಾರೆ ಕಂಡವರು ಊರಲ್ಲಿ ಯಾರೂ ಉಳಿದಿಲ್ಲ. ಆ ಹೂಬಳ್ಳಿ ಸೀಲಿಂಗ್ ಕೆಳಗೆ ಶನಿವಾರದ ಸಿನಿಮಾ ನೋಡಿದವರು ಇದ್ದಾರೆ. ಅಲ್ಲೇ ಪರಿಚಯವಾಗಿ ಮದುವೆಯಾದ ದಂಪತಿಯೂ ಇದ್ದಾರೆ. ಆ ಅಜ್ಜ ಸಭೆಯಲ್ಲಿ ಎದ್ದು ನಿಂತು, ನಿಮ್ಮ ಇತಿಹಾಸಕ್ಕೆ ನಮ್ಮ ಕಾಲ ಸೇರುವುದಿಲ್ಲವೇ ಅಂತ ಕೇಳಿದರು. ಉತ್ತರ ಯಾರಲ್ಲೂ ಇರಲಿಲ್ಲ.

ಇನ್ನೊಂದು ಬೆಳಕಿನ ಕೆಲಸ ಮಾಡುವ ತಂತ್ರಜ್ಞೆಯಿಂದ. ಧಾನ್ಯ ನೋಡಲು ಬೆಳಕು ಬೇಕಿತ್ತು, ನಾಟಕ ನೋಡಲು ಕತ್ತಲೆ ಬೇಕು ಅಂದರು ಆಕೆ. ಗಾಜಿನ ಕೆಳಗೆ ಮಧ್ಯಾಹ್ನದ ಆಟ ಆಡುವ ಹಾಗಿಲ್ಲ. ಮಳೆ ಬಂದರೆ ಮಾತು ಕೇಳುವುದಿಲ್ಲ. ಚಳಿಗಾಲದಲ್ಲಿ ಕಾಯಿಸಿದ ಬಿಸಿ ನೇರ ಆಕಾಶಕ್ಕೆ.

ವಿಲಿಯಂ ಮಾರಿಸ್ 1877ರಲ್ಲಿ ಹಳೇ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದರು. ಅದು ಈಗಲೂ ಇದೆ. ಕಟ್ಟಡವನ್ನು ಯಾವುದೋ ಒಂದು ಒಳ್ಳೆಯ ಕಾಲಕ್ಕೆ ಹಿಂದೆ ಒಯ್ಯಬೇಡಿ, ಎಲ್ಲ ಕಾಲದ ಗುರುತನ್ನೂ ಉಳಿಸಿ, ಕೆಟ್ಟದ್ದನ್ನು ರಿಪೇರಿ ಮಾಡಿ ಅನ್ನುವುದು ಅವರ ನಿಲುವು. ಅದನ್ನು ಮೊದಲು ಕೇಳಿದಾಗ ಮಡಿವಂತಿಕೆ ಅನ್ನಿಸಿತ್ತು. ಆ ಅಜ್ಜನ ಪ್ರಶ್ನೆ ಕೇಳಿದ ಮೇಲೆ ಅರ್ಥವಾಯಿತು. ಜೊತೆಗೆ, ರಂಗಮಂದಿರ ಇರುವ ಜಾಗದ ಯೋಜನೆಗಳ ಬಗ್ಗೆ ಕೌನ್ಸಿಲ್‌ಗಳು ಆಗ ಥಿಯೇಟರ್ಸ್ ಟ್ರಸ್ಟ್‌ನ ಅಭಿಪ್ರಾಯ ಕೇಳಲೇಬೇಕಿತ್ತು. ರಂಗಮಂದಿರಗಳ ರಕ್ಷಣೆಗೆ 1976ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಅದು. ಕಟ್ಟಡ ಚೆಂದ ಕಂಡರೆ ಸಾಲದು, ಅಲ್ಲಿ ನಾಟಕ ಆಡಲು ಆಗಬೇಕು ಅನ್ನುವ ಪ್ರಶ್ನೆಯನ್ನು ನಾವು ನಮಗೇ ಮೊದಲು ಕೇಳಿಕೊಂಡದ್ದು ಒಳ್ಳೆಯದಾಯಿತು.

ಸೀಲಿಂಗ್ ಉಳಿಸಿಕೊಂಡೆವು. ಕೊಳೆತ ಕಟ್ಟುಗಳ ಪಕ್ಕದಲ್ಲಿ ಹೊಸ ಗೋಣಿ, ಹೊಸ ಪ್ಲಾಸ್ಟರ್, ತುಕ್ಕು ಹಿಡಿಯದ ತಂತಿ ಹಾಕಿ ಮೇಲಿನಿಂದ ಕಟ್ಟಿದರು. ಬಾವಲಿಗಳ ದಾರಿ ಹಾಗೇ ಬಿಟ್ಟು, ಅವು ಇಲ್ಲದ ಹೊತ್ತಲ್ಲಿ, ಪರವಾನಗಿ ಪಡೆದು. ಪ್ರೊಜೆಕ್ಟರ್ ಕೋಣೆಗೆ ಹೋಗುವ ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಒಂದು ಪುಟ್ಟ ಬಾಗಿಲು ಮಾಡಿದ್ದೇವೆ. ತೆರೆದು ತಲೆ ಹಾಕಿದರೆ ಕೆಳಗೆ ಸೀಲಿಂಗ್‌ನ ಬೆನ್ನು, ಮೇಲೆ ಗಾಜು ಮತ್ತು ಕಮಾನು, ಎರಡೂ ಒಟ್ಟಿಗೆ ಕಾಣುತ್ತವೆ. ಶಾಲಾ ಮಕ್ಕಳಿಗೆ ಇಡೀ ಕಟ್ಟಡದಲ್ಲಿ ಅದೇ ಇಷ್ಟ.

ಆದದ್ದು, ಕಲಿತದ್ದು

ಹೇಳಿದ ತಾರೀಖಿಗಿಂತ ಎರಡು ವರ್ಷ ತಡವಾಗಿ ಸಭಾಂಗಣ ತೆರೆಯಿತು. ಗೋಡೆಗೆ ಮೂರು ಪದರ ಸುಣ್ಣದ ಗಾರೆ ಬಂತು. ಗಾರೆಯವರು ಕೆಲಸ ಮಾಡುವಾಗ ನಾನು ಮಧ್ಯಾಹ್ನ ಹೋಗಿ ನಿಲ್ಲುತ್ತಿದ್ದೆ. ಆ ವಾಸನೆ ನನಗೆ ಅಜ್ಜನ ಮನೆಯ ಸುಣ್ಣಬಣ್ಣದ ದಿನಗಳದ್ದು.

ದುಡ್ಡಿನ ಮಾತು ಒಂದು ಹೇಳಲೇಬೇಕು. ಪಟ್ಟಿಯಲ್ಲಿರುವ ಕಟ್ಟಡದ ರಿಪೇರಿಗೆ ಇಲ್ಲಿ 20% ವ್ಯಾಟ್. ಒಪ್ಪಿಗೆ ಪಡೆದು ಮಾಡುವ ಮಾರ್ಪಾಡುಗಳಿಗೆ ಇದ್ದ ವಿನಾಯಿತಿಯನ್ನೂ 2012ರ ಅಕ್ಟೋಬರ್‌ನಲ್ಲಿ ತೆಗೆದರು. ಹೊಸ ಮನೆ ಕಟ್ಟಿದರೆ ವ್ಯಾಟ್ ಸೊನ್ನೆ. ಹಳೆಯದನ್ನು ಉಳಿಸಿಕೊಂಡರೆ ಐದರಲ್ಲಿ ಒಂದು ಪಾಲು ಸೇರಿಸಿ ಕೊಡಬೇಕು. ಇದು ಅನ್ಯಾಯ ಅಂತ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ನಮ್ಮ ಮೊದಲ ಬಜೆಟ್ಟಿನಲ್ಲಿ ಇದನ್ನು ಅರ್ಧಂಬರ್ಧ ಲೆಕ್ಕ ಹಾಕಿದ್ದೆವು. ಇಂಥ ಕೆಲಸಕ್ಕೆ ಇಳಿಯುವವರು ಮೊದಲ ದಿನವೇ ಅದನ್ನು ಪೂರ್ತಿ ಸೇರಿಸಿಕೊಳ್ಳಿ.

ಮತ್ತೆ ಶುರುಮಾಡುವುದಾದರೆ ಏನು ಬದಲಿಸುತ್ತೀರಿ ಅಂತ ಬೇರೆ ಪೇಟೆಯವರು ಕೇಳುತ್ತಿರುತ್ತಾರೆ. ಗುತ್ತಿಗೆಗೆ ಸಹಿ ಹಾಕುವ ಮುಂಚೆ ತಪಾಸಣೆ ಮಾಡಿಸುತ್ತೇನೆ, ಗಡುವು ದಾಟಿದರೂ ಸರಿ. ತೊಂದರೆ ಪತ್ತೆ ಮಾಡುವವರೂ ಅದಕ್ಕೆ ಪರಿಹಾರ ಮಾರುವವರೂ ಒಬ್ಬರೇ ಆಗದ ಹಾಗೆ ನೋಡಿಕೊಳ್ಳುತ್ತೇನೆ. ನಮಗೆ ಜಾಸ್ತಿ ನಷ್ಟ ಆದದ್ದು ಅಲ್ಲಿಯೇ. ಸಂರಕ್ಷಣಾ ಅಧಿಕಾರಿಗೆ ಮೊದಲ ವಾರವೇ ಫೋನ್ ಮಾಡುತ್ತೇನೆ. ಉದ್ಘಾಟನೆಯ ತಾರೀಖನ್ನು ಗೋಡೆ ಒಣಗಿದ ಮೇಲೆ ಹೇಳುತ್ತೇನೆ. ಆದರೆ ಮುಂದಿನ ಕೋಣೆಯನ್ನು ಮೊದಲ ಚಳಿಗಾಲದಲ್ಲೇ ತೆರೆಯುತ್ತೇನೆ. ಆ ಐವತ್ತು ಕುರ್ಚಿಗಳು ಇಲ್ಲದಿದ್ದರೆ ಎರಡು ವರ್ಷದಲ್ಲಿ ಊರು ನಮ್ಮನ್ನು ಮರೆತುಬಿಡುತ್ತಿತ್ತು.

ಮೇಜು ಗುದ್ದಿದ ಟ್ರಸ್ಟಿ ಆ ಸಭೆಯ ನಂತರ ರಾಜೀನಾಮೆ ಕೊಟ್ಟರು. ಅದು ನನಗೆ ಇನ್ನೂ ಬೇಸರ. ಊರಿಗೆ ಕೊಟ್ಟ ಮಾತು ಉಳಿಸಿಕೊಳ್ಳಬೇಕು ಅಂತಲೇ ಅವರು ಕಾದಾಡಿದ್ದು. ಮೊದಲ ಆಟದ ದಿನ ಟಿಕೆಟ್ ಕೊಂಡು ಬಂದು, ಎಡಗಡೆ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ವಿರಾಮದಲ್ಲಿ ನೋಡಿದೆ, ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದಿದ್ದರು. ನನ್ನನ್ನು ಕಂಡು ತಲೆಯಾಡಿಸಿದರು.

ಈಗ ಪ್ರತಿ ವರ್ಷ ಎಲೆ ಉದುರಿದ ಮೇಲೆ, ನವೆಂಬರಿನ ಒಂದು ಶನಿವಾರ, ನಾವು ನಾಲ್ಕು ಜನ ಸೇರಿ ಕಾಲುವೆ ಶುಚಿ ಮಾಡುತ್ತೇವೆ. ಕೊಳವೆಗಳನ್ನು ಗೋಡೆಯಿಂದ ಎರಡು ಬೆರಳು ದೂರ ಸರಿಸಿ ಕೂರಿಸಿದ್ದೇವೆ, ಬೆನ್ನಿಗೂ ಬ್ರಷ್ಷು ಹೋಗುವ ಹಾಗೆ. ಶಿಕ್ಷಕಿ ತಮ್ಮ ಕನ್ನಡಿಯನ್ನು ನಮ್ಮ ಟ್ರಸ್ಟ್‌ಗೇ ಕೊಟ್ಟುಬಿಟ್ಟಿದ್ದಾರೆ. ಹಿಂಬಾಗಿಲ ಪಕ್ಕದ ಮೊಳೆಗೆ, ಟಾರ್ಚಿನ ಜೊತೆ ನೇತುಹಾಕಿದೆ.